ನಾವು ಕೆಳಗಿಳಿಸಿ ಕಳುಹಿಸಿದ ಆರು ತಂಡಗಳ ವಿಚಾರ

ಶಾಗ್ಯ, ಕೊಳ್ಳೇಗಾಲ ತಾಲ್ಲೂಕು
ಭಾನುವಾರ, 22 ಏಪ್ರಿಲ್ 2001

ದೇಶದ ಅತ್ಯುನ್ನತ ಫುಟ್‌ಬಾಲ್ ಲೀಗಿನ ಮಾನ್ಯ ಕಾರ್ಯದರ್ಶಿಗಳಿಗೆ,

ಮಾನ್ಯರೇ,

ಗೋವಾದವರನ್ನೂ ಕಲ್ಕತ್ತದವರನ್ನೂ ಒಂದೇ ಅಂಕಪಟ್ಟಿಯಲ್ಲಿ ಮೇಲೆ ಕೆಳಗೆ ನಿಲ್ಲಿಸಿ, ಯಾರೂ ಯಾರ ಕಾಲನ್ನೂ ತುಳಿಯದಂತೆ ವರ್ಷಾನುಗಟ್ಟಲೆ ನೋಡಿಕೊಳ್ಳುತ್ತಿರುವ ತಮಗೆ, ನಿವೃತ್ತ ಡ್ರಿಲ್ ಮೇಷ್ಟ್ರೂ ಆರೂರು ಫುಟ್‌ಬಾಲ್ ಲೀಗಿನ ಗೌರವ ಕಾರ್ಯದರ್ಶಿಯೂ ಆದ ಸಿದ್ದಮಲ್ಲಪ್ಪನ ಅನಂತ ನಮಸ್ಕಾರಗಳು. ತಾವು, ತಮ್ಮ ಕುಟುಂಬದವರು, ತಮ್ಮ ಕಚೇರಿಯ ಗುಮಾಸ್ತರು ಹಾಗೂ ನಾನು ಕಳುಹಿಸಿದ ಎರಡು ರಿಜಿಸ್ಟರ್ಡ್ ಪತ್ರಗಳು, ಎಲ್ಲರೂ ನೆಮ್ಮದಿಯಾಗಿ ವಿಶ್ರಾಂತಿ ಪಡೆಯುತ್ತಿದ್ದೀರೆಂದು ನಂಬಿದ್ದೇನೆ.

ಮೂರು ವರ್ಷಗಳ ಹಿಂದೆ ನಾನೊಂದು ಕಾರ್ಡು ಬರೆದು ಕೇಳಿದ್ದಕ್ಕೆ ಹತ್ತೇ ದಿನದಲ್ಲಿ ತಮ್ಮ ಲೀಗಿನ ನಿಯಮಗಳ ಪುಸ್ತಕವನ್ನು ಕಳುಹಿಸಿಕೊಟ್ಟ ಉಪಕಾರವನ್ನು ಮೊದಲು ನೆನೆಯಬೇಕು. ಅದಕ್ಕೂ ಮುಂಚೆ ನಮ್ಮ ಕೊಳ್ಳೇಗಾಲ, ಯಳಂದೂರು, ಹನೂರು, ಕಾಮಗೆರೆ, ಶಾಗ್ಯ ಮತ್ತು ಪಾಲಾರ್ ತಂಡಗಳು ಮನಸ್ಸು ಬಂದಾಗ ಸೇರಿ, ಚೆಂಡು ಯಾರದಾದರೂ ಜೋಳದ ಹೊಲದಲ್ಲಿ ಕಾಣೆಯಾದಾಗ ಆಟ ಮುಗಿಸಿ, ಗೆದ್ದವರು ಯಾರೆಂದು ಕೂಡ ಸರಿಯಾಗಿ ತಿಳಿಯದೆ ನಗುನಗುತ್ತಾ ಮನೆಗೆ ಹೋಗುತ್ತಿದ್ದವು. ಇಂತಹ ಅನಾಗರಿಕ ಸ್ಥಿತಿಯಿಂದ ನಮ್ಮನ್ನು ಮೇಲೆತ್ತಿದ್ದು ತಮ್ಮ ಪುಸ್ತಕ.

ಅದನ್ನು ನಾನು ಕನ್ನಡಕ್ಕೆ ಬರೆದುಕೊಂಡು ಆರೂರಿನವರ ಮುಂದೆ ಓದಿದೆ. ಪ್ರತಿ ತಂಡವೂ ಇನ್ನೊಂದು ತಂಡದ ಜೊತೆ ಎರಡು ಸಲ ಆಡಬೇಕು, ಒಂದು ಸಲ ತನ್ನ ಊರಲ್ಲಿ, ಇನ್ನೊಂದು ಸಲ ಎದುರಾಳಿಯ ಊರಲ್ಲಿ. ಗೆದ್ದರೆ ಮೂರು ಅಂಕ, ಸಮವಾದರೆ ಒಂದು, ಸೋತರೆ ಸೊನ್ನೆ. ವರ್ಷದ ಕೊನೆಗೆ ಪಟ್ಟಿಯ ತಳದಲ್ಲಿರುವ ಎರಡು ತಂಡಗಳು ಎರಡನೇ ದರ್ಜೆಗೆ ಇಳಿಯಬೇಕು, ಎರಡನೇ ದರ್ಜೆಯಲ್ಲಿ ಮುಂದಿರುವ ಎರಡು ತಂಡಗಳು ಮೇಲೆ ಬರಬೇಕು. ಈ ಕೊನೆಯ ನಿಯಮದ ನ್ಯಾಯಕ್ಕೆ ಮಾರುಹೋಗಿ ಅದನ್ನು ಎರಡು ಸಲ ಓದಿದೆ. ಎರಡನೇ ದರ್ಜೆ ಎಂಬುದು ತಮ್ಮಲ್ಲಿದೆ ಎಂದು ಪುಸ್ತಕದಲ್ಲೇ ಅಚ್ಚಾಗಿರುವಾಗ ನಾವು ಬೇರೊಂದನ್ನು ಮಾಡಿಕೊಳ್ಳುವುದು ಉದ್ಧಟತನವಾದೀತೆಂದು, ಇಳಿದವರನ್ನು ತಮ್ಮಲ್ಲಿಗೆ ಕಳುಹಿಸುವುದು, ತಾವು ಏರಿಸಿ ಕಳುಹಿಸಿದವರನ್ನು ನಾವು ಬರಮಾಡಿಕೊಳ್ಳುವುದು ಎಂದು ಸರ್ವಾನುಮತದಿಂದ ತೀರ್ಮಾನವಾಯಿತು.

ಮೊದಲ ವರ್ಷ ಲೀಗು ಎಷ್ಟು ಸೊಗಸಾಗಿ ನಡೆಯಿತೆಂದರೆ ತಾವು ನೋಡಿದ್ದರೆ ಕುರ್ಚಿ ಬಿಟ್ಟು ಏಳುತ್ತಿದ್ದಿರಿ. ತವರಿನ ಅನುಕೂಲ ಎಂದು ತಮ್ಮಲ್ಲಿ ಹೇಳುವುದು ಏನೆಂಬುದನ್ನು ಕಾಮಗೆರೆಯವರು ಮೊದಲ ಪಂದ್ಯದಲ್ಲೇ ಕಂಡುಕೊಂಡರು. ಅವರ ನಾಯಕನ ತಾಯಿ ದೊಡ್ಡಬಸಮ್ಮನವರು ಬಂದ ತಂಡವನ್ನು ಸಾಲಾಗಿ ಕೂರಿಸಿ, ತಟ್ಟೆಗೆ ಎರಡೆರಡು ರಾಗಿ ಮುದ್ದೆ ಇಟ್ಟು, ಬೇಡ ಎಂದವರಿಗೆ "ನಮ್ಮೂರ್ಗೆ ಬಂದು ಅಸ್ಕಂಡ್ ಓದ್ರೆ ನಮ್ಗೆ ಮರ್ವಾದಿ ಉಳ್ದದಾ, ಉಣ್ಣಿ ಮಕ್ಕಳಾ" ಎಂದು ಮೂರನೆಯದನ್ನೂ ಇಡುತ್ತಿದ್ದರು. ಆಮೇಲೆ ಮೈದಾನಕ್ಕಿಳಿದ ಹನ್ನೊಂದು ಜನರಲ್ಲಿ ಓಡಬಲ್ಲವರು ಯಾರೂ ಇರುತ್ತಿರಲಿಲ್ಲ. ಊಟ ಹಾಕುವುದು ತಪ್ಪು ಎಂದು ತಮ್ಮ ಪುಸ್ತಕದಲ್ಲಿ ಎಲ್ಲೂ ಇಲ್ಲವಾದ್ದರಿಂದ ನಾನು ಅಂಕ ಬರೆದುಕೊಂಡೆ.

ವರ್ಷದ ಕೊನೆಗೆ ಪಟ್ಟಿಯ ತಳದಲ್ಲಿ ಪಾಲಾರ್ ಮತ್ತು ಶಾಗ್ಯ ಉಳಿದವು. ಶಾಗ್ಯ ನನ್ನ ಸ್ವಂತ ಊರು, ಅದರ ಗೋಲ್‌ಕೀಪರ್ ಶಿವಕುಮಾರಸ್ವಾಮಿ ನನ್ನ ಒಡಹುಟ್ಟಿದ ತಂಗಿಯ ಮಗ, ನಾನೇ ಡ್ರಿಲ್ ಕಲಿಸಿ ಬೆಳೆಸಿದವನು. ಆದರೂ ಎರಡೂ ತಂಡಗಳ ಹೆಸರನ್ನು ಬರೆದು, ಆಟಗಾರರ ಎತ್ತರ ಮತ್ತು ಅಂಗಿಯ ಅಳತೆಯ ಸಮೇತ ತಮಗೆ ರಿಜಿಸ್ಟರ್ ಮಾಡಿದೆ. ಅಳಿಯ ಬಂದು "ಮಾವ, ಎರಡ್ನೇ ದರ್ಜೆಗೆ ಕಳಿಸಿವ್ನಿ ಅಂದ್ರಲ್ಲಾ, ಅದೆಲ್ಲದೆ? ಬಸ್ಸೋಯ್ತದಾ, ಇಲ್ಲಾ ನಡ್ಕಂಡೇ ಓಗ್ಬೇಕಾ?" ಎಂದು ಕೇಳಿದ. ಆದೇಶ ಬರುವವರೆಗೆ ತಾಳ್ಮೆಯಿಂದಿರು ಎಂದೆ. ಅವನು ಅಂದು ಎದ್ದು ಹೋದವನು ನಮ್ಮ ಮನೆಯ ಹೊಸ್ತಿಲು ತುಳಿದಿಲ್ಲ. ಪಾಲಾರ್ ನಾಯಕ ಮಾದಸ್ವಾಮಿ ಮಾತ್ರ ಒಳ್ಳೆಯ ಮನುಷ್ಯ, "ಗೋವಾದ್ ಕಡೆಗಂತಲ್ಲಾ ಸಾ, ಅಲ್ಲಿ ಮೀನು ಪಸಂದಾಗಿರ್ತವಂತೆ" ಎಂದು ಹೇಳಿ ಎರಡು ತಿಂಗಳು ಬ್ಯಾಗು ಕಟ್ಟಿಟ್ಟುಕೊಂಡು ಕಾದ.

ತಾವು ಕಳುಹಿಸಬೇಕಿದ್ದ ಎರಡು ತಂಡಗಳಿಗಾಗಿ ನಾವೂ ಕಾದೆವು. ಲೀಗು ಶುರುವಾಗುವ ಹಿಂದಿನ ದಿನ ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಇಪ್ಪತ್ತೆರಡು ಹಾರ ಹಿಡಿದು ಬೆಳಗಿನಿಂದ ನಿಂತಿದ್ದು, ಮಧ್ಯಾಹ್ನದ ಮೈಸೂರು ಬಸ್ಸಿನಿಂದ ಸುಮಾರು ಅಷ್ಟೇ ಸಂಖ್ಯೆಯ ಜನ ಒಟ್ಟಿಗೆ ಇಳಿದದ್ದನ್ನು ಕಂಡು ಸಂಭ್ರಮದಿಂದ ಹಾರ ಹಾಕಿದ ಮೇಲೆ, ಅವರು ಯಳಂದೂರಿಗೆ ಹೆಣ್ಣು ನೋಡಲು ಹೊರಟಿದ್ದ ಗಂಡಿನ ಕಡೆಯವರೆಂದು ಗೊತ್ತಾಯಿತು. ತಮ್ಮಿಂದಾಗಿ ಆ ಸಂಬಂಧ ಕುದುರಿತು ಎಂಬುದನ್ನು ಕೃತಜ್ಞತೆಯಿಂದ ತಿಳಿಸುತ್ತೇನೆ. ಇಷ್ಟು ಮರ್ಯಾದಸ್ಥ ಊರನ್ನು ಬಿಡಬಾರದು ಎಂದು ಗಂಡಿನ ತಂದೆ ಅಲ್ಲೇ ನಿರ್ಧರಿಸಿದರಂತೆ.

ಎರಡನೇ ವರ್ಷ ನಾಲ್ಕು ತಂಡಗಳು ಆಡಿದವು. ನಿಯಮ ನಿಯಮವೇ ಆದ್ದರಿಂದ ಯಳಂದೂರು ಮತ್ತು ಕಾಮಗೆರೆ ಇಳಿದವು, ಎರಡನೇ ರಿಜಿಸ್ಟರ್ಡ್ ಪತ್ರ ಹೊರಟಿತು, ತಮ್ಮ ಕಚೇರಿಯ ದುಂಡಗಿನ ಸಹಿ ಹೊತ್ತ ಸ್ವೀಕೃತಿ ಚೀಟಿ ವಾಪಸು ಬಂತು. ಆ ಸಹಿ ಎಷ್ಟು ಸುಂದರವಾಗಿದೆಯೆಂದರೆ ನಾನದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೇನೆ. ಅದರಾಚೆಗೆ ತಮ್ಮಿಂದ ಒಂದು ಅಕ್ಷರವೂ ಬರಲಿಲ್ಲ.

ಇನ್ನು ಮುಂದಿನದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ. ಇಳಿದ ನಾಲ್ಕೂ ತಂಡಗಳು ತಮ್ಮ ಆದೇಶವನ್ನು ಕಾಯದೆ, ನೀರಿಲ್ಲದ ನಮ್ಮೂರ ಕೆರೆಯಂಗಳದಲ್ಲಿ ಭಾನುವಾರ ಸಂಜೆ ನಾಲ್ಕಕ್ಕೆ ಸೇರಿ ಆಡತೊಡಗಿದವು. ಅಂಕವಿಲ್ಲ, ಪಟ್ಟಿಯಿಲ್ಲ, ಏರುವವರಿಲ್ಲ, ಇಳಿಯಲು ಇನ್ನು ಜಾಗವೂ ಇಲ್ಲ. ಪಾಲಾರಿನವರು ಕಡಿಮೆ ಬಿದ್ದರೆ ಕಾಮಗೆರೆಯವರು ಇಬ್ಬರನ್ನು ಕೊಡುತ್ತಾರೆ. ಗೋಲು ಹೊಡೆದವನನ್ನು ಎರಡೂ ಕಡೆಯವರು ಎತ್ತಿಕೊಳ್ಳುತ್ತಾರೆ. ಜನರೋ, ಏರಿಯ ಉದ್ದಕ್ಕೂ ಕೂತಿರುತ್ತಾರೆ. ಇತ್ತ ನಮ್ಮ ಮೊದಲ ದರ್ಜೆಯಲ್ಲಿ ಉಳಿದಿದ್ದು ಕೊಳ್ಳೇಗಾಲ ಮತ್ತು ಹನೂರು ಮಾತ್ರ.

ಕಳೆದ ಭಾನುವಾರ ಹನೂರಿನಲ್ಲಿ ಅವರಿಬ್ಬರ ಅಂತಿಮ ಪಂದ್ಯ. ಪ್ರೇಕ್ಷಕರ ಸ್ಥಾನದಲ್ಲಿ ಸೀಟಿ ಹಿಡಿದ ನಾನು ಮತ್ತು ಗೆದ್ದವರಿಗೆಂದು ರೇಷ್ಮೆ ಶಾಲು ಹೊದಿಸಿಟ್ಟ ಕಪ್ಪು ಇದ್ದೆವು. ವಿರಾಮದಲ್ಲಿ ಹನೂರಿನ ನಾಯಕ ಮಹದೇವಪ್ರಸಾದ್ ಕೊಳ್ಳೇಗಾಲದ ನಾಯಕನ ಹೆಗಲ ಮೇಲೆ ಕೈಹಾಕಿಕೊಂಡು ಬಂದು, "ಸಾ, ಕೊನೇ ಎರಡು ತಂಡ ಇಳೀಬೇಕು ಅಂತ ತಾನೇ ರೂಲ್ಸು? ಇರೋದೇ ಎರಡು. ಗೆದ್ದೋರೂ ಇಳಿಬೇಕು, ಸೋತೋರೂ ಇಳಿಬೇಕು, ಸರೀನಾ?" ಎಂದ. ಪುಸ್ತಕ ತೆರೆದು ನೋಡಿದೆ. ಸರಿಯಾಗಿತ್ತು. "ಅಂಗಾರೆ ಬಿರ್ನೆ ಸೀಟಿ ಊದ್ಬುಡಿ ಸಾ, ನಾಲ್ಕು ಗಂಟ್ಗೆ ಕೆರೆತಾವ ಸುರುವಾಯ್ತದೆ" ಎಂದು ಇಬ್ಬರೂ ಒಟ್ಟಿಗೆ ಕೇಳಿಕೊಂಡರು. ಊದಿದೆ. ಇಪ್ಪತ್ತೆರಡು ಜನರೂ ಒಂದೇ ಟೆಂಪೋ ಹತ್ತಿ, ಕಪ್ಪಿನ ಕಡೆ ತಿರುಗಿಯೂ ನೋಡದೆ, ಹಾಡಿಕೊಂಡು ಕೆಳದರ್ಜೆಗೆ ಹೊರಟುಹೋದರು.

ಮಾನ್ಯರೇ, ಈಗ ನಮ್ಮ ಮೊದಲ ದರ್ಜೆಯಲ್ಲಿ ಉಳಿದಿರುವವನು ನಾನೊಬ್ಬನೇ. ಅಂಕಪಟ್ಟಿಯ ನೆತ್ತಿಯಲ್ಲಿ ನಾನು, ತಳದಲ್ಲಿಯೂ ನಾನು. ಭಾನುವಾರ ನಾಲ್ಕಾದರೆ ಕೆರೆ ಕಡೆಯಿಂದ ಏಳುವ ಕೂಗು ನಮ್ಮ ಜಗಲಿಗೆ ಕೇಳಿಸುತ್ತದೆ, ಅದರಲ್ಲಿ ಅಳಿಯನ ದನಿ ಯಾವುದೆಂದು ನನಗೆ ಗೊತ್ತಾಗುತ್ತದೆ. ನನಗೆ ಬೇಜಾರಾಗಿದೆ, ಇದನ್ನು ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ. ಹೋಗೋಣವೆಂದರೆ ಮೊದಲ ದರ್ಜೆಯ ಕಾರ್ಯದರ್ಶಿ ಆದೇಶವಿಲ್ಲದೆ ಕೆಳಗೆ ಇಳಿಯುವುದು ಹೇಗೆ? ಆ ಎಲ್ಲರನ್ನೂ ಅಲ್ಲಿಗೆ ಇಳಿಸಿದ ಕೈ ಇದೇ ತಾನೇ?

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ತಮ್ಮ ಎರಡನೇ ದರ್ಜೆಯನ್ನು ಪೂರ್ತಿಯಾಗಿ ರೈಲಿನಲ್ಲಿ ಚಾಮರಾಜನಗರದವರೆಗೆ ಪಾರ್ಸೆಲ್ ಮಾಡಬೇಕು, ಅಲ್ಲಿಂದ ನಾವು ಎತ್ತಿನ ಗಾಡಿಯಲ್ಲಾದರೂ ತಂದುಕೊಳ್ಳುತ್ತೇವೆ. ಅದು ಕಷ್ಟವಾದರೆ, ಮೂರು ವರ್ಷಗಳಲ್ಲಿ ಒಂದು ಗೋಲೂ ಹೊಡೆಯದ, ಒಂದು ಅಂಕವೂ ಗಳಿಸದ ಸಿದ್ದಮಲ್ಲಪ್ಪ ಎಂಬುವವನನ್ನು ಕೂಡಲೇ ಕೆಳಗಿಳಿಸಲಾಗಿದೆ ಎಂಬ ಒಂದು ಸಾಲಿನ ಆದೇಶವನ್ನಾದರೂ ಮುಂದಿನ ಭಾನುವಾರದೊಳಗೆ ತಲುಪುವಂತೆ ಹೊರಡಿಸಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇಳಿಯಲು ತುದಿಗಾಲಲ್ಲಿ ನಿಂತಿರುವ,
ತಮ್ಮ ವಿಶ್ವಾಸಿ,
ಸಿದ್ದಮಲ್ಲಪ್ಪ
ಗೌರವ ಕಾರ್ಯದರ್ಶಿ ಮತ್ತು ಹಾಲಿ ಅಗ್ರಸ್ಥಾನಿ

ಮರೆತ ಮಾತು: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಅಳಿಯ ಬಂದ. ಹೊಸ್ತಿಲ ಆಚೆಗೇ ನಿಂತು, "ಮಾವ, ಅದು ಗೋಲಾ ಅಲ್ವಾ ಅಂತ ಆರೂರೋರೂ ಕಿತ್ತಾಡ್ತಾವ್ರೆ, ಯೋಳೋರೇ ಇಲ್ಲ. ಎದ್ದು ಬನ್ನಿ" ಎಂದ. ನಾನು ಇನ್ನೂ ಇಳಿದಿಲ್ಲವಲ್ಲಪ್ಪಾ ಎಂದೆ. "ಜಗಲಿ ಇಳೀರಿ ಮಾವ, ಅಷ್ಟೇ ಸಾಕು" ಎಂದು ಕೈ ಚಾಚಿದ. ಇಳಿದೆ. ಆದ್ದರಿಂದ ಆದೇಶಕ್ಕಾಗಿ ತಾವಿನ್ನು ಶ್ರಮಪಡಬೇಕಾಗಿಲ್ಲ. ಈ ವರ್ಷ ತಮ್ಮ ಲೀಗಿನಿಂದಲೂ ಎರಡು ತಂಡಗಳು ಇಳಿದು ಮುಖ ಸಣ್ಣ ಮಾಡಿಕೊಂಡಿರಬೇಕು. ಇತ್ತ ಕಳುಹಿಸಿ, ಆಡಿಸಿಕೊಳ್ಳುತ್ತೇವೆ. ತಾವೂ ಧಾರಾಳವಾಗಿ ಬರಬಹುದು, ಆದರೆ ಆ ಪುಸ್ತಕದ ಇನ್ನೊಂದು ಪ್ರತಿಯನ್ನು ಮಾತ್ರ ದಯವಿಟ್ಟು ತರಬೇಡಿ.