ಮೇಘಶ್ರೀ ಹಾಲು ಬಿಟ್ಟ ದಿನ

ಕುಸುಮ ಮಾಡಿದ ತಪ್ಪು ಒಂದೇ. ಮಗಳಿಗೆ ಇವತ್ತು ಎದೆಹಾಲು ಬಿಡಿಸುತ್ತೇನೆ ಎಂಬ ಮಾತನ್ನು ಬೆಳಿಗ್ಗೆ ನಲ್ಲಿಯ ಹತ್ತಿರ ಬಾಯಿಬಿಟ್ಟು ಹೇಳಿಬಿಟ್ಟಳು.

ಮಲ್ಲಂದೂರಿನ ಕಡೆಯ ಆ ಕಾಫಿ ಎಸ್ಟೇಟಿನ ಲೈನಿನಲ್ಲಿ, ಕೂಲಿಯವರ ಆ ಸಾಲುಮನೆಗಳಲ್ಲಿ, ನಡುವೆ ಗೋಡೆ ಇರುವುದು ಹೆಸರಿಗೆ ಮಾತ್ರ. ಒಂದು ಮನೆಯಲ್ಲಿ ಒಗ್ಗರಣೆ ಸಿಡಿದರೆ ನಾಲ್ಕನೆಯ ಮನೆಯಲ್ಲಿ ಸೀನುತ್ತಾರೆ. ನಲ್ಲಿಯ ಹತ್ತಿರ ಆಡಿದ ಮಾತು ಕೊಡ ತುಂಬುವುದರೊಳಗೆ ಲೈನಿನ ಆ ತುದಿ ಮುಟ್ಟಿರುತ್ತದೆ.

ಹಾಲು ಬಿಡಿಸದೆ ಬೇರೆ ದಾರಿಯೂ ಇರಲಿಲ್ಲ. ಪಂಚಾಯಿತಿ ಲೈಬ್ರರಿ ನೋಡಿಕೊಳ್ಳುವ ಕೆಲಸ ಅವಳಿಗೆ ಸಿಕ್ಕಿತ್ತು. ಕಾಫಿ ಹಣ್ಣು ಕೊಯ್ದು ಬೆರಳು ಕಪ್ಪು ಮಾಡಿಕೊಂಡೇ ಪಿಯುಸಿ ಮುಗಿಸಿದವಳಿಗೆ ಕುರ್ಚಿಯ ಮೇಲೆ ಕೂತು ಮಾಡುವ ಮೊದಲ ಕೆಲಸ ಅದು. ಆದರೆ ಅದಕ್ಕೂ ಮುಂಚೆ ಚಿಕ್ಕಮಗಳೂರಿನಲ್ಲಿ ಎರಡು ವಾರ ಟ್ರೈನಿಂಗು. ಹಾಸ್ಟೆಲ್ಲಿನಲ್ಲೇ ಇರಬೇಕು, ಮಕ್ಕಳನ್ನು ಕರೆತರುವ ಹಾಗಿಲ್ಲ. ನಾಳೆ ಬೆಳಗಿನ ಬಸ್ಸಿಗೆ ಹೊರಡದಿದ್ದರೆ ಆ ಕುರ್ಚಿಯಲ್ಲಿ ಬೇರೆ ಯಾರೋ ಕೂರುತ್ತಾರೆ.

ಮೇಘಶ್ರೀಗೆ ಇನ್ನೇನು ಮೂರು ತುಂಬಬೇಕು. ಅನ್ನ, ರೊಟ್ಟಿ, ಬಿಸ್ಕತ್ತು ಎಲ್ಲವನ್ನೂ ತಿಂದು ಬಾಯೊರೆಸಿಕೊಂಡು ಬಂದು, ‘ಅಮ್ಮಿ’ ಎಂದು ತಾಯಿಯ ಎದೆಗೆ ಕಚ್ಚಿಕೊಂಡಳೆಂದರೆ ಥೇಟು ಮಳೆಗಾಲದ ಜಿಗಣೆ. ಹಾಲಿಗೆ ಅವಳು ಇಟ್ಟುಕೊಂಡಿದ್ದ ಹೆಸರು ಅಮ್ಮಿ. ಜಿಗಣೆಯಾದರೂ ಉಪ್ಪು ಹಾಕಿದರೆ ಉದುರುತ್ತದೆ. ಇವಳು ಉದುರುವ ಪೈಕಿಯಲ್ಲ.

ಇಷ್ಟು ದಿನ ಬಿಡಿಸದೆ ಇದ್ದುದಕ್ಕೆ ಕಾರಣ ಹೆದರಿಕೆ. ಕುಸುಮಳಿಗೆ ಎಲ್ಲದಕ್ಕೂ ಹೆದರಿಕೆ. ಮಗು ಅತ್ತು ಅತ್ತು ಉಸಿರು ಕಟ್ಟಿದರೆ? ರಾತ್ರಿ ಜ್ವರ ಬಂದರೆ? ತಾನು ಟ್ರೈನಿಂಗಿಗೆ ಹೋಗಿ ಬರುವಷ್ಟರಲ್ಲಿ ‘ನೀನು ಯಾರು’ ಎಂದು ಕೇಳಿಬಿಟ್ಟರೆ? ಹಿಂದಿನ ರಾತ್ರಿ ಇದನ್ನೆಲ್ಲ ಗಂಡನ ಮುಂದೆ ಹೇಳಿಕೊಂಡಿದ್ದಳು. ಎಸ್ಟೇಟಿನ ಜೀಪು ಓಡಿಸುವ ಗಿರಿ, “ಎಂತ ಆಗಲ್ಲ ಕುಸುಮ, ನಾನಿಲ್ವಾ?” ಎಂದು ಧೈರ್ಯ ಹೇಳಿ, ಹೇಳುತ್ತಲೇ ಗೊರಕೆ ಹೊಡೆದಿದ್ದ.

ನಲ್ಲಿಯಿಂದ ಮನೆಗೆ ಬಂದು ಕೊಡ ಇಳಿಸುವಷ್ಟರಲ್ಲಿ ಪಕ್ಕದ ಮನೆಯ ರಂಗಮ್ಮ ಬಾಗಿಲಲ್ಲಿ ನಿಂತಿದ್ದಳು. ಐದು ಹೆತ್ತು ಐದಕ್ಕೂ ಹಾಲು ಬಿಡಿಸಿದ ಹೆಂಗಸು. ಕೈಯಲ್ಲಿ ಒಂದು ಬಟ್ಟಲು. ಅದರಲ್ಲಿ ಹಸಿರುಗಪ್ಪಾದ ಒಂದು ಮುದ್ದೆ.

“ನೆಲಬೇವು. ಈಗಷ್ಟೇ ಅರೆದೆ. ಹಚ್ಕೋ ಮಾರಾಯ್ತಿ. ಒಂದ್ಸಲ ನಾಲಿಗೆ ತಾಗಿದ್ರೆ ಸಾಕು, ಆಮೇಲೆ ನಿನ್ನ ಕಂಡ್ರೇ ಓಡ್ತಾಳೆ.”

“ನನ್ನ ಕಂಡ್ರೇ ಓಡೋದು ಬೇಡ ರಂಗಮ್ಮಕ್ಕ,” ಎಂದಳು ಕುಸುಮ ಗಾಬರಿಯಿಂದ.

“ಹಾಲು ಬಿಡ್ಬೇಕು, ತಾಯೀನ ಬಿಡಬಾರ್ದು. ಅಷ್ಟು ಲೆಕ್ಕ ಹಾಕಿ ಅರೆಯೋಕೆ ಬರಲ್ಲ ನಂಗೆ. ಹಚ್ಚು!”

ಕುಸುಮ ಹಚ್ಚಿಕೊಂಡಳು. ನಿದ್ದೆಯಿಂದ ಎದ್ದು ಬಂದ ಮೇಘಶ್ರೀ ಎಂದಿನಂತೆ ಮಡಿಲೇರಿ ಬಾಯಿ ಇಟ್ಟಳು. ಮುಖ ಹಿಂಡಿದ ನಿಂಬೆಹಣ್ಣಿನಂತಾಯಿತು. ರಂಗಮ್ಮ ಗೆದ್ದವಳ ಹಾಗೆ ಸೆರಗು ಸಿಕ್ಕಿಸಿಕೊಂಡಳು. ಮಗು ಅಳಲಿಲ್ಲ. ಇಳಿದು ಬಚ್ಚಲಿಗೆ ಹೋಗಿ, ಅರ್ಧ ಚೆಲ್ಲುತ್ತ ಒಂದು ಮಗ್ಗು ನೀರು ತಂದು ತಾಯಿಯ ಮುಂದಿಟ್ಟಿತು.

“ಅಮ್ಮ, ತೊಳ್ಕೋ.”

“ಅಯ್ಯೋ ಇದರ!” ಎಂದಳು ರಂಗಮ್ಮ. “ಇಷ್ಟು ದೊಡ್ಡವಳಾಗಿ ಇನ್ನೂ ಹಾಲು ಕುಡಿತೀಯಲ್ಲೇ, ನಾಚ್ಕೆ ಆಗಲ್ವಾ ನಿಂಗೆ? ಕುಸುಮ, ಕೊಟ್ಟೀಯ ಜೋಕೆ! ಇವತ್ತು ಒಂದ್ಸಲ ಕೊಟ್ರೆ ಮದುವೆ ಆಗೋ ತನಕ ಕೊಡ್ತೀಯ.”

ಆಮೇಲೆ ಎರಡನೆಯ ಉಪಾಯವನ್ನೂ ಅವಳೇ ತೆಗೆದಳು. ಕುಂಕುಮಕ್ಕೆ ಎಣ್ಣೆ ಕಲಸಿ ಹಚ್ಚಿ, ಮೇಲೆ ಹತ್ತಿ ಇಟ್ಟು, ಹಳೇ ಪಂಚೆಯ ಚೂರು ಕಟ್ಟಿದಳು. “ಗಾಯ ಆಗಿದೆ ಅಂತ ತೋರಿಸು. ನಮ್ಮ ಎರಡನೆಯವನು ಹೀಗೇ ಬಿಟ್ಟಿದ್ದು.”

ಕುಸುಮ ಹೆದರುತ್ತಲೇ ತೋರಿಸಿದಳು. ಮೇಘಶ್ರೀ ಕಣ್ಣರಳಿಸಿ ನೋಡಿದಳು. ಬಗ್ಗಿ ‘ಉಫ್ ಉಫ್’ ಎಂದು ಊದಿದಳು. ಹಾಲು ಕೇಳಲಿಲ್ಲ. ಕುಸುಮಳಿಗೆ ಉಸಿರು ಬಂದಂತಾಯಿತು. ಅಷ್ಟರಲ್ಲಿ ಮಗು ಅಂಗಳಕ್ಕೆ ಓಡಿ, ನಡುವೆ ನಿಂತು, ಹೊಟ್ಟೆಯಾಳದಿಂದ ಅರಚಿತು:

“ನಮ್ಮಮ್ಮಂಗೆ ಗಾಯ! ರಕ್ತ ಬಂತು!”

ಹೊರಗೆ ಕಳೆ ತೆಗೆಯಲು ಹೊರಟಿದ್ದ ಹೆಂಗಸರ ಕಿವಿಗೆ ಅದು ಬಿತ್ತು. ಅವರು ತೋಟದಲ್ಲಿ ಮೇಸ್ತ್ರಿಗೆ ಹೇಳಿದರು. ಮೇಸ್ತ್ರಿ ಆಫೀಸಿಗೆ ಫೋನು ಮಾಡಿದ. ಸುದ್ದಿ ಹೋದ ಕಡೆಯೆಲ್ಲ ಸ್ವಲ್ಪ ಸ್ವಲ್ಪ ತಿಂದು ದಪ್ಪಗಾಯಿತು. ಜೀಪಿಗೆ ಡೀಸೆಲ್ ಹಾಕಿಸುತ್ತಿದ್ದ ಗಿರಿಯನ್ನು ಅದು ಮುಟ್ಟಿದಾಗ, ಲೈನಿನ ಹಿಂದೆ ಸೌದೆ ಆರಿಸುತ್ತಿದ್ದ ಕುಸುಮಳ ಎದೆಗೆ ಕಾಡುಕೋಣ ಗುದ್ದಿತ್ತು.

ಜೀಪು ಅಂಗಳಕ್ಕೆ ಹಾರಿಕೊಂಡು ಬಂದು ನಿಂತಿತು. ಗಿರಿಯ ಮುಖದಲ್ಲಿ ಜೀವವಿರಲಿಲ್ಲ. ಪಕ್ಕದಲ್ಲಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಗಂಗಾಧರಪ್ಪನವರು. ಹಿಂದಿನ ಸೀಟಿನ ಮೇಲೆ ಗಾಯಾಳುವನ್ನು ಮಲಗಿಸಲು ಹಾಸಿದ ಗೋಣಿಚೀಲಗಳು.

“ಎಲ್ಲಿಗೆ ಗುದ್ದಿತಮ್ಮ? ಎಲ್ಲಿಗೆ?” ಎಂದರು ಗಂಗಾಧರಪ್ಪನವರು. “ಹೇಳು, ಡಾಕ್ಟರಿಗೆ ಫೋನ್ ಮಾಡಿ ಹೇಳಬೇಕು.”

ಕುಸುಮ ಸೆರಗನ್ನು ಕತ್ತಿನವರೆಗೂ ಎಳೆದುಕೊಂಡು ಗೋಡೆಗೆ ಒತ್ತಿ ನಿಂತಳು. “ಗುದ್ದಿಲ್ಲ ಸಾರ್. ಕುಂಕುಮ.”

“ಪಾಪ, ಪೆಟ್ಟಿಗೆ ತಲೆಯೂ ಕೆಟ್ಟಿದೆ. ಎತ್ತು ಗಿರಿ, ಎತ್ತು!”

ರಂಗಮ್ಮ ಮುಂದೆ ಬಂದು ವಿಷಯ ಬಿಡಿಸಿ ಹೇಳಿದಳು. ತುಂಬಾ ಬಿಡಿಸಿಯೇ ಹೇಳಿದಳು. ಗಂಗಾಧರಪ್ಪನವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡು ಆಕಾಶ ನೋಡಿದರು. “ಮಳೆ ಬರೋ ಹಾಗಿದೆ,” ಎಂದು ಹೇಳಿ ಜೀಪು ಹತ್ತದೆ ನಡೆದೇ ಹೋದರು. ಅಲ್ಲಿಗೆ ಬಂದು ಸೇರಿದ್ದ ಜನ ಮುಖ ಮುಚ್ಚಿಕೊಂಡು ನಕ್ಕರು. ಕುಸುಮಳಿಗೆ ಕಾಡುಕೋಣವೇ ಗುದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

“ನೀನು ಕಣ್ಣೆದುರು ಇದ್ರೆ ಇದು ಆಗೋ ಕೆಲಸ ಅಲ್ಲ,” ಎಂದ ಗಿರಿ, ರಜೆ ಹೇಳಿ ಬಂದು. “ಸಂಜೆ ತನಕ ರಂಗಮ್ಮಕ್ಕನ ಮನೇಲಿ ಕೂತಿರು. ಮಗೂನ ನಾನು ನೋಡ್ಕೋತೀನಿ.”

“ಅತ್ರೆ?”

“ಅತ್ರೆ ಸಮಾಧಾನ ಮಾಡ್ತೀನಿ.”

“ನೀವು ಸಮಾಧಾನ ಮಾಡಿದ್ರೆ ಇನ್ನೂ ಜೋರಾಗಿ ಅಳ್ತಾಳಲ್ರೀ.”

ಹೊರಡುವ ಮುಂಚೆ ರಂಗಮ್ಮ, “ಒಂದು ವೇಳೆ ಮಗು ಕೈಗೆ ಸಿಕ್ಕಿಹಾಕ್ಕೊಂಡ್ರೆ ಇರಲಿ,” ಎಂದು ಕುಂಕುಮ ಒರೆಸಿಸಿ, ಉಳಿದ ನೆಲಬೇವನ್ನೆಲ್ಲ ಗೋಡೆಗೆ ಸಗಣಿ ಮೆತ್ತಿದ ಹಾಗೆ ದಪ್ಪಗೆ ಮೆತ್ತಿಸಿದಳು.

ರಂಗಮ್ಮನ ಅಡುಗೆಮನೆಯ ಬಾಗಿಲ ಹಿಂದೆ ಕುಸುಮ ಕೂತಳು. ಮಧ್ಯಾಹ್ನದವರೆಗೂ ಗೋಡೆಯ ಆ ಕಡೆಯಿಂದ ಮಗಳ ಅಳು ಕೇಳುತ್ತಿತ್ತು. ಅಳು ಕೇಳಿದಾಗೆಲ್ಲ ರವಿಕೆ ಒದ್ದೆಯಾಗುತ್ತಿತ್ತು. ಎದೆ ಕಲ್ಲಾಗಿ ನೋಯುತ್ತಿತ್ತು. ಅಳು ನಿಂತರೆ ಅದಕ್ಕಿಂತ ಹೆದರಿಕೆ. ಯಾಕೆ ನಿಂತಿತು? ಉಸಿರಾಡುತ್ತಿದೆಯಾ? ಎರಡು ಸಲ ಎದ್ದು ಬಾಗಿಲವರೆಗೆ ಹೋದಳು. ಎರಡು ಸಲವೂ ರಂಗಮ್ಮ ಒನಕೆಯಂತೆ ಅಡ್ಡ ನಿಂತಳು. “ಕೊಟ್ಟೀಯ ಜೋಕೆ!”

ಗಿರಿ ತನ್ನ ಕೈಲಾದದ್ದನ್ನೆಲ್ಲ ಮಾಡಿದ. ಕುದುರೆಯಾದ. ಮೊಬೈಲಿನಲ್ಲಿ ಹಾಡು ಹಾಕಿದ. ಜೀಪಿನ ಹಾರನ್ ಒತ್ತಿಸಿದ. ಕೊನೆಗೆ ಅವನಿಗೇ ಅಳು ಬರುವ ಹೊತ್ತಿಗೆ, ಲೈನಿನ ಕೊನೆ ಮನೆಯ ಮುದುಕ ಲಕ್ಕಯ್ಯ ಹೆಗಲ ಮೇಲೆ ಒಂದು ಹಲಸಿನ ಹಣ್ಣು ಹೊತ್ತುಕೊಂಡು ಬಂದ. ಹಣ್ಣಿನ ಪರಿಮಳ ಅವನಿಗಿಂತ ಮುಂಚೆ ಬಂದಿತ್ತು.

“ಬೇಡ ಲಕ್ಕಯ್ಯಣ್ಣ,” ಎಂದ ಗಿರಿ. “ಮನೆ ಹತ್ರ ಹಲಸು ಕೊಯ್ಯಬೇಡಿ, ಆನೆ ಬರ್ತದೆ ಅಂತ ಫಾರೆಸ್ಟಿನವರು ಹೋದ ತಿಂಗಳೇ ಮೈಕಲ್ಲಿ ಕೂಗಿಕೊಂಡು ಹೋದ್ರಲ್ಲ.”

“ಒಂದು ಹಣ್ಣಿಗೆ ಆನೆ ಬರ್ತದಾ ಮಾರಾಯ? ಮಗು ಮುಖ ನೋಡು. ಪಾಪ, ಬಾಡಿ ಹೋಗಿದೆ.”

ಒಂದು ಹಣ್ಣಿಗೆ ಆನೆ ಬರುತ್ತಿರಲಿಲ್ಲವೋ ಏನೋ. ಆದರೆ ಮಗುವಿನ ನೆಪದಲ್ಲಿ ಲೈನಿನವರಿಗೆಲ್ಲ ಆಸೆಯಾಯಿತು. ತಿಂಗಳಿಂದ ಬಾಯಿ ಕಟ್ಟಿಕೊಂಡಿದ್ದವರು. ಅಟ್ಟದ ಮೇಲೆ ಗೋಣಿ ಮುಚ್ಚಿಟ್ಟಿದ್ದ ಹಣ್ಣು, ಸೌದೆಯ ಹಿಂದೆ ಬಚ್ಚಿಟ್ಟಿದ್ದ ಹಣ್ಣು ಒಂದೊಂದಾಗಿ ಅಂಗಳಕ್ಕೆ ಬಂದವು. ಕೈಗೆ ಎಣ್ಣೆ ಸವರಿಕೊಂಡು ಎಲ್ಲರೂ ಕೂತರು. ಮೇಘಶ್ರೀ ನಡುವೆ ರಾಣಿಯಂತೆ ಕೂತು, ಎರಡೂ ಕೆನ್ನೆಗೆ ತೊಳೆ ತುರುಕಿಕೊಂಡು, ಮೂಗಿನ ತುದಿಗೂ ಮೇಣ ಹಚ್ಚಿಕೊಂಡು ನಗುತ್ತಿದ್ದಳು.

ರಂಗಮ್ಮನ ಕಿಟಕಿಯಿಂದ ಕುಸುಮ ಕದ್ದು ನೋಡಿದಳು. ಅಮ್ಮಿಯ ಸುದ್ದಿಯೇ ಇಲ್ಲ! ಗೆದ್ದೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಇಷ್ಟು ಬೇಗ ಮರೆತಳಾ?

ಕತ್ತಲಾಗುತ್ತಿದ್ದಂತೆ ಲಕ್ಕಯ್ಯನ ನಾಯಿ ಒಂದು ಸಲ ಬೊಗಳಿ, ಎರಡನೆಯ ಸಲ ಬೊಗಳಲು ಬಾಯಿ ತೆರೆದು, ಮನಸ್ಸು ಬದಲಾಯಿಸಿ, ಬಾಲ ಮುದುರಿಕೊಂಡು ಜೀಪಿನ ಅಡಿಗೆ ನುಗ್ಗಿತು. ಕೆಳಗೆ ತೋಟದಲ್ಲಿ ಏನೋ ಲಟಕ್ಕೆಂದು ಮುರಿಯಿತು. ಎಲ್ಲರ ಜೇಬಿನಲ್ಲೂ ಒಟ್ಟಿಗೆ ಮೊಬೈಲು ಗುಂಯ್‌ಗುಟ್ಟಿತು. ಫಾರೆಸ್ಟಿನವರ ಗ್ರೂಪಿನ ಮೆಸೇಜು: ಲೈನಿನ ಹತ್ತಿರ ಆನೆ, ಹೊರಗೆ ಬರಬೇಡಿ.

ಹೊರಗೇ ಕೂತವರು ಇನ್ನೆಲ್ಲಿಗೆ ಬರುವುದು? ಹಲಸಿನ ತೊಳೆ ಕೈಯಲ್ಲೇ ಇದ್ದಂತೆ ಎಲ್ಲರೂ ಎದುರಿಗೆ ತೆರೆದಿದ್ದ ಬಾಗಿಲಿಗೆ ನುಗ್ಗಿದರು. ಅದು ರಂಗಮ್ಮನ ಮನೆ. ಗಿರಿ ಮಗಳನ್ನು ಕಂಕುಳಲ್ಲಿ ಇರುಕಿಕೊಂಡು ಕೊನೆಯವನಾಗಿ ಒಳಗೆ ಬಿದ್ದ. ಲಕ್ಕಯ್ಯ ಅಗುಳಿ ಹಾಕಿ ದೀಪ ಆರಿಸಿದ.

ಗದ್ದಲಕ್ಕೆ ಬೆಚ್ಚಿ ಕುಸುಮ ಅಡುಗೆಮನೆಯಿಂದ ಹೊರಗೆ ಬಂದಳು. ಅಂಗಳದ ಬಲ್ಬಿನ ಬೆಳಕು ಕಿಟಕಿಯಿಂದ ಸರಿಯಾಗಿ ಅವಳ ಮುಖದ ಮೇಲೆ ಬಿತ್ತು.

“ಅಮ್ಮಾ!” ಎಂದಳು ಮೇಘಶ್ರೀ. ಬೆಳಗಿನಿಂದ ಕೂಡಿಟ್ಟ ದುಃಖವೆಲ್ಲ ಒಟ್ಟಿಗೆ ಬಂತು. “ಅಮ್ಮೀ! ಅಮ್ಮಿ ಬೇಕೂ!”

“ಶ್ಶ್!” ಎಂದಿತು ಇಡೀ ಲೈನು.

ಅಂಗಳದಲ್ಲಿ ಭಾರವಾದ ಹೆಜ್ಜೆ ಕೇಳಿಸಿತು. ಹಲಸಿನ ಸಿಪ್ಪೆಯನ್ನು ಅಗಿಯುವ ಸದ್ದು ಗೋಡೆಯ ಆ ಕಡೆಯಿಂದಲೇ ಬರುತ್ತಿತ್ತು. ನಡುವೆ ಇದ್ದುದು ಒಂದು ಹಳೇ ಹಲಗೆಯ ಬಾಗಿಲು. ಮಗು ಮುಂದಿನ ಕೂಗಿಗೆ ಉಸಿರು ಎಳೆದುಕೊಳ್ಳುತ್ತಿತ್ತು.

“ಕೊಡೇ!” ಎಂದು ಪಿಸುಗುಟ್ಟಿದಳು ರಂಗಮ್ಮ. “ಕೊಡೇ ಮಾರಾಯ್ತಿ, ನಿನ್ನ ಕಾಲಿಗೆ ಬೀಳ್ತೀನಿ, ಕೊಡು!”

“ನೀವೇ ಅಲ್ವಾ ಬೇಡ ಅಂದಿದ್ದು...”

“ನಾನು ಯಾರು ಹೇಳೋಕೆ? ತಾಯಿ ನೀನು! ಕೊಡು!”

“ನೆಲಬೇವು ಮೆತ್ತಿದ್ದೀರಲ್ಲ ರಂಗಮ್ಮಕ್ಕ, ಬಾಯಿಟ್ರೆ ಇನ್ನೂ ಕಿರಿಚ್ತಾಳೆ!”

“ಒರೆಸು! ನೀರು ಕೊಡ್ರೋ! ಗಂಡಸ್ರೆಲ್ಲ ಗೋಡೆ ಕಡೆ ತಿರುಗಿ!”

ಗಂಡಸರು ಗೋಡೆಗೆ ಹಣೆ ಹಚ್ಚಿ ನಿಂತರು. ಕತ್ತಲಲ್ಲಿ ಯಾರೋ ನೀರೆಂದು ಕೊಟ್ಟದ್ದು ಮಜ್ಜಿಗೆ. ಕುಸುಮ ಮಗಳನ್ನು ಎತ್ತಿಕೊಂಡು, ಬೆಳಕಿಗಾಗಿ ಕಿಟಕಿಯ ಹತ್ತಿರ ಹೋಗಿ, ಆನೆ ಕಣ್ಣಿಗೆ ಬೀಳದ ಹಾಗೆ ಅದಕ್ಕೆ ಬೆನ್ನು ಕೊಟ್ಟು ನಿಂತು, ಒರೆಸತೊಡಗಿದಳು. ಮಗುವಿನ ಬಾಯಿ ಅಗಲವಾಗಿ ತೆರೆದದ್ದು ಕಾಣಿಸಿತು. ಮುಗಿಯಿತು ಎಂದುಕೊಂಡು ಕಣ್ಣು ಮುಚ್ಚಿದಳು.

ಕೂಗು ಬರಲಿಲ್ಲ.

ತಾಯಿಯ ಹೆಗಲ ಮೇಲಿನಿಂದ ಮೇಘಶ್ರೀ ಕಿಟಕಿಯ ಆಚೆ ನೋಡುತ್ತಿದ್ದಳು. ತೆರೆದ ಬಾಯಿ ತೆರೆದೇ ಇತ್ತು. ಹೊರಗೆ ಡ್ರಮ್ಮೊಂದು ಉರುಳಿತು, ಅವಳು ಬೆಚ್ಚಲಿಲ್ಲ. ದೊಡ್ಡದೊಂದು ಉಸಿರು ಕಿಟಕಿಯವರೆಗೆ ಬಂತು. ಅವಳು ರೆಪ್ಪೆ ಬಡಿಯಲಿಲ್ಲ. ಕುಸುಮ ಕಣ್ಣು ಬಿಡಲಿಲ್ಲ, ತಿರುಗಿ ನೋಡಲಿಲ್ಲ, ಗೊತ್ತಿದ್ದ ದೇವರನ್ನೆಲ್ಲ ಒಂದು ಸುತ್ತು ಮುಗಿಸಿ ಮತ್ತೆ ಮೊದಲಿನವರಿಂದ ಶುರು ಮಾಡಿದಳು. ಎಷ್ಟೋ ಹೊತ್ತಿನ ಮೇಲೆ ಹೆಜ್ಜೆಗಳು ತೋಟದ ಕಡೆ ಇಳಿದವು. ದೂರದಲ್ಲಿ ಒಂದು ಪಟಾಕಿ ಢಮ್ಮೆಂದಿತು.

ದೀಪ ಹತ್ತಿದಾಗ ಎಲ್ಲರೂ ಮೊದಲು ನೋಡಿದ್ದು ಮಗುವನ್ನು. ಅಳು ಇಲ್ಲ, ಅಮ್ಮಿ ಇಲ್ಲ. ಯೋಚನೆ ಮಾಡುತ್ತಿರುವ ಮುಖ.

“ಮರೆತೇ ಬಿಟ್ಲು!” ಎಂದಳು ರಂಗಮ್ಮ, ಗಂಟಲು ಮೊದಲಿನಂತಾಗಿ. “ನಾನು ಹೇಳ್ಲಿಲ್ವಾ? ಹೆದರಿಸಿದ್ರೆ ಬಿಡ್ತಾವೆ ಅಂತ. ನಾಳೆ ನಿಶ್ಚಿಂತೆಯಿಂದ ಬಸ್ಸು ಹತ್ತು ಮಾರಾಯ್ತಿ.”

ಕುಸುಮ ಕುಸಿದು ಕೂತಳು. ಕಣ್ಣೆದುರು ಲೈಬ್ರರಿಯ ಕುರ್ಚಿ ಬಂದು ನಿಂತಿತು. ಆನೆಗೂ ಮನಸ್ಸಿನಲ್ಲೇ ಕೈ ಮುಗಿದಳು.

ಅಷ್ಟರಲ್ಲಿ ಬಾಗಿಲು ತಟ್ಟಿ ಫಾರೆಸ್ಟ್ ವಾಚರ್ ಜವರಯ್ಯ ಒಳಗೆ ಬಂದ. “ಎಲ್ಲ ಹುಷಾರಾ? ಹಲಸು ಕೊಯ್ಯಬೇಡಿ ಅಂದ್ರೆ ಹಬ್ಬ ಮಾಡಿದ್ದೀರಲ್ರೋ!”

“ಆನೆಗೆ ಅಮ್ಮಿ ಇದೆ,” ಎಂದಳು ಮೇಘಶ್ರೀ ಇದ್ದಕ್ಕಿದ್ದಂತೆ. “ಮರಿ ಕುಡೀತು.”

ಕುಸುಮ ತಟ್ಟನೆ ತಲೆಯೆತ್ತಿದಳು.

“ಹೌದು ಪುಟ್ಟಿ!” ಎಂದ ಜವರಯ್ಯ ಖುಷಿಯಿಂದ. “ಕಂಡೆಯಾ? ಅದಕ್ಕೇ ಅದು ಅಷ್ಟು ಹೊತ್ತು ನಿಂತಿದ್ದು. ಮರಿ ಕುಡಿದು ಮುಗಿಸಲಿ ಅಂತ ನಾನೂ ಪಟಾಕಿ ಹಚ್ಚದೆ ಕಾದೆ.”

“ರಂಗಜ್ಜಿಗಿಂತ ದೊಡ್ಡ ಮರಿ,” ಎಂದಳು ಮೇಘಶ್ರೀ, ರಂಗಮ್ಮನನ್ನು ಮೇಲಿನಿಂದ ಕೆಳಗೆ ಅಳೆಯುತ್ತ. “ಅದಕ್ಕೆ ಯಾರೂ ನಾಚ್ಕೆ ಅನ್ನಲಿಲ್ಲ.”

ರಂಗಮ್ಮನಿಗೆ ಕೆಮ್ಮು ಬಂತು. ಕುಸುಮ ಜವರಯ್ಯನಿಗೆ ಕಣ್ಸನ್ನೆ ಮಾಡಿದಳು. ಗಿರಿ ಅವನ ಕಾಲು ತುಳಿದ. ಆದರೆ ಕಾಡಿನ ಸುದ್ದಿ ಕೇಳುವವರು ಸಿಗುವುದೇ ಅಪರೂಪವಾಗಿದ್ದ ಜವರಯ್ಯನಿಗೆ ಅದು ಯಾವುದೂ ತಾಗಲಿಲ್ಲ.

“ಯಾಕೆ ನಾಚ್ಕೆ ಪುಟ್ಟಿ? ಆನೆ ಮರಿ ಸೊಪ್ಪು ತಿನ್ನೋಕೆ ಕಲಿತ ಮೇಲೂ ಹಾಲು ಬಿಡಲ್ಲ. ನಾಲ್ಕು ವರ್ಷದ ತನಕನೂ ಕುಡಿಯೋದನ್ನ ನಾನೇ ನೋಡಿದ್ದೀನಿ.”

“ಎಷ್ಟು?” ಎಂದಳು ಮೇಘಶ್ರೀ.

“ನಾಲ್ಕು.”

ಮಗು ತಾಯಿಯ ಮಡಿಲೇರಿ ಅನುಕೂಲವಾಗಿ ಕೂತಿತು. ಬಲಗೈ ಎತ್ತಿ, ಎಡಗೈಯಿಂದ ಹೆಬ್ಬೆರಳನ್ನು ಜೋಪಾನವಾಗಿ ಮಡಚಿ, ಉಳಿದದ್ದನ್ನು ತಾಯಿಯ ಮುಖದ ಮುಂದೆ ಹಿಡಿಯಿತು. ಆ ನಾಲ್ಕು ಪುಟ್ಟ ಬೆರಳುಗಳನ್ನು ಕಂಡು ಆದಷ್ಟು ಹೆದರಿಕೆ ಕುಸುಮಳಿಗೆ ಬಾಗಿಲಿಗೆ ಬಂದ ಆನೆಯಿಂದಲೂ ಆಗಿರಲಿಲ್ಲ.