ಗಡಿಯಾರದೊಳಗಿನ ಅಬ್ಬಾ

ಸತ್ತವರು ಮಾತಾಡುತ್ತಾರೆ ಎಂದರೆ ಒಂದು ಕಾಲಕ್ಕೆ ನಾನೂ ನಗುತ್ತಿದ್ದೆ. ಈಗ ನಗುವುದಿಲ್ಲ. ಸಿಂಧನೂರಿನಲ್ಲಿ ಗಡಿಯಾರ ರಿಪೇರಿಗೆ ಕೂತ ಮೇಲೆ ಇಂಥವು ನಡೆಯುತ್ತಲೇ ಇವೆ. ನಮ್ಮ ಅಬ್ಬಾ, ಅಂದರೆ ನಮ್ಮ ತಂದೆ, ತೀರಿಕೊಂಡ ಈ ಹನ್ನೊಂದು ವರ್ಷದಲ್ಲಿ ನನ್ನನ್ನು ಬೈದಷ್ಟು ಬದುಕಿದ್ದಾಗಲೂ ಬೈದಿರಲಿಲ್ಲ.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ. ರಿಪೇರಿ ಮಾಡಿದವ ಗಡಿಯಾರದ ಪೆಟ್ಟಿಗೆಯೊಳಗೆ ತಾರೀಖು ಗೀಚಿಡುತ್ತಾನೆ. ಅಬ್ಬಾ ತಾರೀಖಿಗೇ ನಿಲ್ಲುತ್ತಿರಲಿಲ್ಲ. ಎಷ್ಟೋ ವರ್ಷದ ಮೇಲೆ ಅದನ್ನು ಬಿಚ್ಚುವವನಿಗೆ ಪೆನ್ಸಿಲಿನಲ್ಲಿ ಪತ್ರವನ್ನೇ ಬರೆದಿಡುತ್ತಿದ್ದರು. ಬಿಚ್ಚುವವ ಯಾರಾದರೂ ಆಗಬಹುದು, ಹಾಗಾಗಿ ಕನ್ನಡದಲ್ಲಿ. ‘ಮುಂದಿನವನೇ’ ಎಂದೇ ಶುರು.

ಆ ‘ಮುಂದಿನವನೇ’ ನನಗೆ ಚುಚ್ಚುತ್ತಿತ್ತು. ಹರೆಯದಲ್ಲಿ ನಾನು ಅವರೊಡನೆ ಜಗಳವಾಡಿ, ಈ ಸೂಕ್ಷ್ಮ ಕೆಲಸ ನನ್ನಿಂದಾಗದು ಎಂದು ಹಟ್ಟಿಯ ಚಿನ್ನದ ಗಣಿಗೆ ಪಾಳಿ ಕೆಲಸಕ್ಕೆ ಹೋಗಿದ್ದೆ. ಅವರು ಹಾಸಿಗೆ ಹಿಡಿದಾಗ ಮರಳಿ ಬಂದೆ. ನಾನು ಬಂದೇ ಬರುತ್ತೇನೆ ಎಂಬ ನಂಬಿಕೆ ಅವರಿಗಿತ್ತೋ ಇಲ್ಲವೋ, ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಅಂಗಡಿ ಯಾರೋ ಪರರ ಪಾಲಾಗುತ್ತದೆ ಎಂದುಕೊಂಡೇ ಬರೆದರು ಅನ್ನಿಸಿ, ಪ್ರತಿ ಪೆಟ್ಟಿಗೆಯಲ್ಲೂ ನನ್ನ ಗುರುತು ಹುಡುಕುತ್ತಿದ್ದೆ.

೧. ಖಾಲಿ ಕುರ್ಚಿ

ಗೊರೇಬಾಳದ ರೈತರೊಬ್ಬರು ಗೋಡೆ ಗಡಿಯಾರವನ್ನು ಟವೆಲಿನಲ್ಲಿ ಕೂಸಿನ ಹಾಗೆ ಸುತ್ತಿ ಬೈಕಿನ ಮೇಲೆ ತಂದರು. ನಾನು ಅವಸರದಲ್ಲಿ ಸ್ಪ್ರಿಂಗು ಸಡಿಲಿಸದೆಯೇ ತಿರುಪು ಬಿಚ್ಚಿದೆ. ಸ್ಪ್ರಿಂಗು ಚಿಮ್ಮಿ ಹೆಬ್ಬೆರಳು ಕೊಯ್ದಿತು. ಬೆರಳು ಚೀಪುತ್ತ ಪೆಟ್ಟಿಗೆಯೊಳಗೆ ನೋಡಿದರೆ ಅಬ್ಬಾನ ಅಕ್ಷರ: ‘ಮುಂದಿನವನೇ, ಮೊದಲು ಸ್ಪ್ರಿಂಗು ಸಡಿಲಿಸು. ಆಗಲೇ ಬೆರಳು ಕೊಯ್ದುಕೊಂಡಿದ್ದರೆ ಅರಿಷಿಣ ಹಚ್ಚು.’

ರೈತರೂ ಬಗ್ಗಿ ಓದಿದರು. ಬರೆದವರು ಯಾರೆಂದು ಕೇಳಿದರು. ನಮ್ಮ ಅಬ್ಬಾ, ತೀರಿಕೊಂಡು ಹನ್ನೊಂದು ವರ್ಷವಾಯಿತು ಎಂದೆ. ಅವರು ನನ್ನ ಬೆನ್ನ ಹಿಂದಿನ ಖಾಲಿ ಕುರ್ಚಿಯನ್ನೊಮ್ಮೆ ನೋಡಿ, ತಮ್ಮ ಸ್ಟೂಲನ್ನು ಮೆಲ್ಲಗೆ ಬೀದಿಗೆ ಎಳೆದುಕೊಂಡರು.

“ಸಾವಕಾಶ ಮಾಡ್ರಿ, ಅವಸರ ಏನಿಲ್ರಿ,” ಅಂದರು.

ಹೇಳಿದ್ದು ನನಗಲ್ಲ, ಕುರ್ಚಿಗೆ.

೨. ನಿಂತ ಗಡಿಯಾರದ ಗಂಟೆ

ಲಿಂಗಸುಗೂರಿನ ಕಿರಾಣಿ ವ್ಯಾಪಾರಿಗಳ ಮನೆಯಲ್ಲಿ, ಎರಡು ತಿಂಗಳಿಂದ ನಿಂತುಹೋದ ಗಡಿಯಾರ ಆಗೊಮ್ಮೆ ಈಗೊಮ್ಮೆ ನಡುಮಧ್ಯಾಹ್ನ ತಾನೇ ಗಂಟೆ ಹೊಡೆಯುತ್ತಿತ್ತು. ಮನೆಯ ಹಿರಿಯಮ್ಮ ಅದಕ್ಕೆ ವಿಭೂತಿ ಹಚ್ಚಿ ನಿಂಬೆಹಣ್ಣು ಕಟ್ಟಿದ್ದರು. ನಾನು ಅದರೆದುರು ಕಾದು ಕೂತೆ. ಲೋಲಕ ಅಲುಗುತ್ತಿಲ್ಲ, ಮುಳ್ಳು ಅಲುಗುತ್ತಿಲ್ಲ. ಅಷ್ಟರಲ್ಲಿ ಪಕ್ಕದ ಹಿಟ್ಟಿನ ಗಿರಣಿ ಶುರುವಾಗಿ ಗೋಡೆ ನಡುಗಿತು. ಠಣ್, ಠಣ್, ಠಣ್. ಊಟಕ್ಕೆ ಕೂತವರ ಕೈಯಲ್ಲಿ ರೊಟ್ಟಿ ಹಾಗೇ ನಿಂತಿತು. ನಾನೂ ಧೈರ್ಯವಂತನೇನಲ್ಲ, ಅರ್ಧ ಎದ್ದುಬಿಟ್ಟಿದ್ದೆ.

ಬಿಚ್ಚಿ ನೋಡಿದರೆ ಪತ್ರ: ‘ಮುಂದಿನವನೇ, ನಿಂತ ಮೇಲೂ ಹೊಡೆದರೆ ಹೆದರಬೇಡ. ಗಂಟೆಯ ಸ್ಪ್ರಿಂಗು ಬೇರೆ, ಅದರಲ್ಲಿ ಚಾವಿ ಇನ್ನೂ ಉಳಿದಿದೆ. ಗಿರಣಿಯ ಗೋಡೆಗೆ ತೂಗುಹಾಕಬೇಡಿ ಎಂದಿದ್ದೆ. ಇವರು ಮಾತು ಕೇಳಿಲ್ಲ.’

ಗಟ್ಟಿಯಾಗಿ ಓದಿದೆ. ಎಲ್ಲರೂ ನಿಟ್ಟುಸಿರು ಬಿಟ್ಟರು, ಹಿರಿಯಮ್ಮ ಒಬ್ಬರನ್ನು ಬಿಟ್ಟು.

“ಗಂಟಿ ಹೊಡದದ್ದು ಸ್ಪ್ರಿಂಗ್ ಅಂತ ತಿಳೀತು ಬಿಡಪಾ. ನಾವು ಮಾತು ಕೇಳಿಲ್ಲ ಅನ್ನೂದು ಅವ್ರಿಗೆ ಹೆಂಗ ಗೊತ್ತಾತು?”

ಗಡಿಯಾರ ಆ ದಿನವೇ ಬೇರೆ ಗೋಡೆಗೆ ಹೋಯಿತು. ಹಳೆಯ ನಿಂಬೆಹಣ್ಣು ಬಿಚ್ಚಲಿಲ್ಲ. ಹೊಸದೊಂದನ್ನು ತಂದು ಅಬ್ಬಾನ ಬರಹದ ಪಕ್ಕದಲ್ಲೇ ಕಟ್ಟಿದರು.

೩. ಮಸ್ಕಿಯ ತಿರುಪು

ಮಸ್ಕಿಯಲ್ಲಿ ನಿವೃತ್ತ ಟೀಚರಮ್ಮ ಒಬ್ಬರ ದೊಡ್ಡ ಗಡಿಯಾರವನ್ನು ಅವರ ಮನೆಯಲ್ಲೇ ಬಿಚ್ಚಿದ್ದೆ. ಎಲ್ಲ ಸರಿಯಾಗಿ, ಜೋಡಿಸುವ ಹೊತ್ತಿಗೆ ಒಂದು ಸಣ್ಣ ತಿರುಪು ಬೆರಳಿನಿಂದ ಜಾರಿ, ಶಹಾಬಾದ ಕಲ್ಲಿನ ನೆಲದ ಸಂದಿಗೆ ಇಳಿದುಹೋಯಿತು. ಮೊಬೈಲ್ ಬೆಳಕು ಹಿಡಿದು ಇಬ್ಬರೂ ನೆಲಕ್ಕೆ ಮುಖ ಕೊಟ್ಟು ಹುಡುಕಿದೆವು. ಆ ಗಡಿಯಾರದ ಕಂಪನಿ ಮುಚ್ಚಿ ಎಷ್ಟೋ ಕಾಲವಾಗಿದೆ, ಆ ಅಳತೆಯ ತಿರುಪು ಎಲ್ಲೂ ಸಿಗದು. ನನ್ನ ಕೈಯಿಂದಲೇ ಒಂದು ಗಡಿಯಾರ ಸತ್ತಿತು ಅಂದುಕೊಂಡೆ. ಅಬ್ಬಾ ಏನಾದರೂ ಬರೆದಿದ್ದಾರೇನೋ ಎಂದು ಖಾಲಿ ಪೆಟ್ಟಿಗೆಯ ಕತ್ತಲ ತಳಕ್ಕೆ ಬೆಳಕು ಬಿಟ್ಟೆ.

ಬರೆದಿದ್ದರು. ಆದರೆ ಉರ್ದುವಿನಲ್ಲಿ. ನಮ್ಮ ಸುತ್ತಿನ ಊರುಗಳಲ್ಲಿ ಗಡಿಯಾರ ಬಿಚ್ಚುವವರ ಪೈಕಿ ಉರ್ದು ಓದುವವನು ನಾನೊಬ್ಬನೇ, ಕಲಿಸಿದವರೂ ಅವರೇ. ತಾರೀಖು ನೋಡಿದೆ. ನಾನು ಜಗಳವಾಡಿ ಹಟ್ಟಿಗೆ ಹೋದ ವಾರದ್ದು.

‘ಬೇಟಾ, ತಿರುಪು ಬೀಳಿಸಿದೆಯಲ್ಲ? ಹುಡುಕಬೇಡ. ಬಲಮೂಲೆಯಲ್ಲಿ ಇನ್ನೊಂದನ್ನು ಮೇಣದಲ್ಲಿ ಅಂಟಿಸಿದ್ದೇನೆ.’

ಬೇಟಾ ಅಂದರೆ ಮಗನೇ. ನಾನು ಮನೆ ಬಿಟ್ಟ ವಾರವೇ, ನಾನು ಬರುತ್ತೇನೆ ಎಂದು ಅವರಿಗೆ ಗೊತ್ತಿತ್ತು. ಬಲಮೂಲೆಯನ್ನು ಉಗುರಿನಿಂದ ಕೆರೆದೆ, ತಿರುಪು ಕೈಗೆ ಬಂತು. ಕಣ್ಣು ತುಂಬಿ ಏನೂ ಕಾಣಿಸಲಿಲ್ಲ. ತಿರುಪು ಜಾರಿ ಅದೇ ಸಂದಿಗೆ ಹೋಯಿತು.

ಟೀಚರಮ್ಮ ಪೆಟ್ಟಿಗೆಯ ಕಡೆ ಬೆರಳು ತೋರಿಸಿದರು. “ಕೆಳಗ ಇನ್ನೊಂದು ಸಾಲು ಐತಲ್ಲಪಾ, ಅದೇನು?”

ಕಣ್ಣೊರೆಸಿಕೊಂಡು ಓದಿದೆ.

‘ಅದನ್ನೂ ಬೀಳಿಸಿದೆಯಾ? ಎಡಮೂಲೆ ನೋಡು. ಮೊದಲು ಕಣ್ಣು ಒರೆಸಿಕೋ, ಇನ್ನು ನನ್ನ ಹತ್ತಿರ ಬೇರೆ ತಿರುಪು ಇಲ್ಲ.’