ಗೋಪೀನಾಥನ ದಾಸವಾಳ ಪ್ರಾಕ್ಟಿಕಲ್

ಅಗ್ಗದ ಕೋರ್ಸು ಸಿಕ್ಕಿತೆಂದು ಹಿಗ್ಗಿದ್ದೇ ಗೋಪೀನಾಥ ಮಾಡಿದ ತಪ್ಪು. ಚಂದ್ರಾ ಲೇಔಟಿನ ಶಾಲೆಯೊಂದರಲ್ಲಿ ವರ್ಷಗಟ್ಟಲೆ ಪಾಠ ಹೇಳಿಕೊಂಡಿದ್ದವನಿಗೆ, ಈ ವರ್ಷ ಡಿಗ್ರಿ ಮುಗಿಸದಿದ್ದರೆ ಕೆಲಸವಿಲ್ಲ ಎಂದು ಆಡಳಿತ ಮಂಡಳಿ ಕಡ್ಡಿ ಮುರಿದಂತೆ ಹೇಳಿತ್ತು. ಬಾಕಿ ಇದ್ದದ್ದು ಸಸ್ಯಶಾಸ್ತ್ರದ ಪ್ರಾಕ್ಟಿಕಲ್ ಒಂದೇ. ಆನ್‌ಲೈನ್ ಲ್ಯಾಬ್ ಕೋರ್ಸುಗಳ ಫೀಸು ನೋಡಿ ನೋಡಿ ಪಾಪ, ಜೀವವೇ ಬೇಸತ್ತುಹೋಗಿತ್ತು. ಕೊನೆಗೂ ಕೈಗೆಟುಕುವುದೊಂದು ಸಿಕ್ಕಿತು. ಯಾಕೆ ಅಗ್ಗ ಅಂದರೆ, ಅವರು ಏನನ್ನೂ ಕಳಿಸುವುದಿಲ್ಲ, ಸಾಮಾನೆಲ್ಲ ನಮ್ಮದೇ. ಪರೀಕ್ಷೆಗೆ ಬೇಕಾದದ್ದು ಒಂದು ಬ್ಲೇಡು, ಒಂದು ದಾಸವಾಳ. ಹೂವನ್ನು ಕ್ಯಾಮೆರಾ ಮುಂದೆ ಸೀಳಿ ಅಂಡಾಶಯ ತೋರಿಸಬೇಕು.

"ಅಷ್ಟೇನಾ? ನಮ್ಮ ಕುಂಡದಲ್ಲೇ ಮೊಗ್ಗಿದೆಯಲ್ರೀ," ಎಂದಿದ್ದಳು ಹೆಂಡತಿ ರಾಗಿಣಿ.

ಪರೀಕ್ಷೆಯ ದಿನ ಎದ್ದು ನೋಡಿದರೆ ಕುಂಡದಲ್ಲಿ ಬರೀ ಎಲೆ. ಬೆಳಕು ಹರಿಯುವ ಮುಂಚೆಯೇ ಕೊಕ್ಕೆ ಕೋಲು ಹಿಡಿದು ಪೂಜೆಯ ಹೂವಿಗೆ ಹೊರಡುವವರು ಬೀದಿಗಿಬ್ಬರಿದ್ದರೆ ಇನ್ನೇನಾದೀತು! ಗೋಪೀನಾಥ ಪೈಜಾಮದಲ್ಲೇ ಬೀದಿ ಬೀದಿ ಸುತ್ತಿದ. ಗಿಡಗಳೆಲ್ಲ ಬೋಳು.

"ದಾಸವಾಳ ಯಾರ್ ಸಾರ್ ದುಡ್ಡು ಕೊಟ್ಟು ತಗೋತಾರೆ? ಯಾವುದಾದ್ರೂ ಕಾಂಪೌಂಡಲ್ಲಿ ಕಿತ್ಕೊಳ್ಳಿ," ಎಂದ ಹೂವಿನ ಗಾಡಿಯವನು.

ಅದೂ ಆಗಲಿ ಎಂದು, ಹಿಂದಿನ ಕ್ರಾಸಿನ ಗೇಟೊಂದರ ಮೇಲೆ ಇಣುಕುತ್ತಿದ್ದ ಒಂಟಿ ಹೂವಿಗೆ ಕೈ ಚಾಚಿದ್ದೇ ತಡ, ಮಹಡಿಯಿಂದ ದನಿ ಬಂತು: "ಏನ್ ಮೇಷ್ಟ್ರೇ, ಮಕ್ಕಳಿಗೂ ಇದೇ ಕಲಿಸ್ತೀರಾ?"

ಗೋಪೀನಾಥನ ಮುಖ ಸುಟ್ಟ ಬದನೆಕಾಯಿಯಂತಾಯಿತು. ಕಾಲೆಳೆದುಕೊಂಡು ವಾಪಸು ಬಂದರೆ ಎದುರು ಮನೆಯ ಮುನಿಲಕ್ಷ್ಮಮ್ಮ ಗೇಟಿನಲ್ಲೇ ನಿಂತಿದ್ದರು.

"ಯಾಕಪ್ಪಾ, ಮುಖ ಹಿಂಗಾಗಿದೆ?"

"ಪರೀಕ್ಷೆಗೆ ದಾಸವಾಳ ಬೇಕಿತ್ತಮ್ಮ. ನಮ್ಮ ಕುಂಡದ್ದು ಯಾರೋ ಕಿತ್ಕೊಂಡು ಹೋಗಿದಾರೆ."

"ಯಾರೋ ಏನು, ನಾನೇ ಕಿತ್ತಿದ್ದು. ದೇವ್ರಿಗೆ ತಾನೆ!" ಎಂದವರೇ ಒಳಗೆ ಹೋಗಿ, ಕುಂಕುಮ ಮೆತ್ತಿದ ಬಿಳಿ ದಾಸವಾಳವನ್ನು ತಂದು ಅವನ ಅಂಗೈಗೆ ಹಾಕಿದರು. "ತಗೋ, ಈಗ ತಾನೆ ದೇವರ ಬಲಗಡೆಯಿಂದ ಬಿತ್ತು. ಪಾಸಾದೆ ಅಂತ್ಲೇ ತಿಳ್ಕೋ."

ತನ್ನ ಹೂವೇ ತನಗೆ ಪ್ರಸಾದವಾಗಿ ಬಂದದ್ದಕ್ಕೆ ಗೋಪೀನಾಥ ಕೈ ಮುಗಿದು, ಮನೆಗೆ ಓಡಿದ.

ಲ್ಯಾಪ್‌ಟಾಪಿನಲ್ಲಿ ಪರೀಕ್ಷಕಿ ಮೇಡಂ ಕಾಣಿಸಿಕೊಂಡರು. ಗೋಪೀನಾಥ ಬ್ಲೇಡು ಎತ್ತಿದ.

"ಒಂದ್ನಿಮಿಷ. ಹೂವಿನ ಮೇಲೆ ಕೆಂಪಗೆ ಏನ್ರೀ ಅದು? ರೋಗ ಬಂದಿರೋ ಹೂ ಆಗಲ್ಲ."

"ರೋಗ ಅಲ್ಲ ಮೇಡಂ, ಕುಂಕುಮ. ದೇವರು ಬಲಗಡೆ ಕೊಟ್ಟ ಹೂವು!"

ಮೇಡಂ ಚಪ್ಪಲಿ ಬಿಟ್ಟ ಸದ್ದು ಸ್ಪೀಕರಿನಲ್ಲೇ ಕೇಳಿಸಿತು. ಎರಡೂ ಕೈ ಕಣ್ಣಿಗೊತ್ತಿಕೊಂಡರು.

"ಅಯ್ಯಯ್ಯೋ, ಬಲಗಡೆ ಕೊಟ್ಟಿದ್ದಕ್ಕೆ ಬ್ಲೇಡ್ ಹಾಕ್ತೀರೇನ್ರೀ? ಕೆಳಗಿಡಿ ಮೊದ್ಲು! ನನ್ ಕಣ್ಮುಂದೆ ಬೇಡಪ್ಪಾ."

"ಮತ್ತೆ ಮಾರ್ಕ್ಸು, ಮೇಡಂ?"

"ಕುಯ್ಯದೇ ಇದ್ರೆ ಹೆಂಗ್ರೀ ಹಾಕ್ಲಿ? ಮುಂದಿನ ವರ್ಷ ಬನ್ನಿ."

"ಮುಂದಿನ ವರ್ಷದ ಹೊತ್ತಿಗೆ ಕೆಲ್ಸಾನೇ ಇರಲ್ಲ ಮೇಡಂ!"

"ದೇವ್ರೇ ಬಲಗಡೆ ಕೊಟ್ಟಿದಾನೆ, ಇನ್ಯಾಕ್ರೀ ಯೋಚ್ನೆ?" ಎಂದು ಮೇಡಂ ಮುಂದಿನವರನ್ನು ಕರೆದರು.